ಜಿಮ್ಮಿನ ಕೊಬ್ಬಿನ ಚೀಟಿ ನಂಬಿ 40,000 ರೂಪಾಯಿ ಕಳೆದುಕೊಂಡೆ

ಮಂಗಳೂರಿನ ಬಿಜೈ ಕಡೆಯ ಒಂದು ಜಿಮ್. ಹೆಸರು ಬೇಡ. ಮೇ ತಿಂಗಳ ಸೆಕೆ. ಇಡೀ ದಿನ ಆಫೀಸಿನ ಏಸಿಯಲ್ಲಿ ಕೂತು, ಎರಡು ಚಾ ಬಿಟ್ಟರೆ ನೀರೇ ಮುಟ್ಟದೆ, ಸಂಜೆ ಭಾವನ ಜೊತೆ ಸುಮ್ನೆ ಫೀಸು ಕೇಳಿ ಬರುವ ಅಂತ ಹೋದೆ. ಕೂರುವ ಮೊದಲೇ ಚಪ್ಪಲಿ ಬಿಚ್ಚಿಸಿ ಮೈಯ ಕೊಬ್ಬು ತೋರಿಸುವ ಮೆಷಿನ್ ಹತ್ತಿಸಿದರು. ಎರಡು ಕೈಗೆ ಎರಡು ಹಿಡಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಚೀಟಿ ಬಂತು: ತೂಕ 78 ಕೆಜಿ, ಕೊಬ್ಬು ಶೇ 31.4.

"ಸರ್, ಇದು ಡೇಂಜರ್ ಉಂಟು," ಅಂದ ಟ್ರೈನರ್ ಹುಡುಗ, ಕೆಂಪು ಪೆನ್ನಿನಲ್ಲಿ 31.4ಕ್ಕೆ ಎರಡು ಸುತ್ತು ಹಾಕಿದ. ಆ ಸುತ್ತು ನೋಡಿಯೇ ನಾನು 18,000 ರೂಪಾಯಿ ಕಟ್ಟಿದ್ದು.

ಆರು ವಾರ ತಪ್ಪದೆ ಹೋದೆ. ಗೋಳಿಬಜೆ ಬಿಟ್ಟೆ. ಭಾನುವಾರದ ಕೋರಿ ರೊಟ್ಟಿಯಲ್ಲಿ ರೊಟ್ಟಿ ಬಿಟ್ಟು ಕೋರಿ ಮಾತ್ರ ತಿಂದೆ. ಒಂದು ದಿನ ವ್ಯಾಯಾಮ ಮುಗಿಸಿ ಬೆವರು ಒರೆಸುತ್ತಿದ್ದಾಗ "ಬನ್ನಿ ಸರ್, ಈಗಲೇ ನೋಡುವ" ಅಂತ ಮತ್ತೆ ಹತ್ತಿಸಿದ. ತೂಕ 76.8, ಕೊಬ್ಬು ಶೇ 25.6! ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆ ಖುಷಿಯಲ್ಲೇ ಮುಂದಿನ ಪ್ಯಾಕೇಜಿಗೆ 22,000 ಕೊಟ್ಟೆ.

ಮನೆಗೆ ಬಂದು ಚೀಟಿ ತೋರಿಸಿದರೆ ಹೆಂಡತಿ ಬೆಲ್ಟ್ ನೋಡಿದಳು. ಅದೇ ಹಳೇ ತೂತು. "ಕೊಬ್ಬು ಹೋದದ್ದು ಎಲ್ಲಿಂದ ಮಾರಾಯ್ರೆ, ಕಿವಿಯಿಂದಲಾ?"

ಕೂತು ಲೆಕ್ಕ ಹಾಕಿದೆ. ಮೊದಲ ಚೀಟಿ ಪ್ರಕಾರ ನನ್ನ ಮೈಯಲ್ಲಿ 24.5 ಕೆಜಿ ಕೊಬ್ಬು, ಎರಡನೆಯದರಲ್ಲಿ 19.7. ಕೊಬ್ಬು 4.8 ಕೆಜಿ ಇಳಿದಿದೆ, ತೂಕ ಇಳಿದದ್ದು 1.2 ಮಾತ್ರ. ಹಾಗಾದರೆ ಆರು ವಾರದಲ್ಲಿ 3.6 ಕೆಜಿ ಮಾಂಸ ಬೆಳೆದಿರಬೇಕು, 43ನೇ ವಯಸ್ಸಿನಲ್ಲಿ, ಅರೆಹೊಟ್ಟೆಯಲ್ಲಿ! ಎರಡೂ ಚೀಟಿ ಪಕ್ಕಪಕ್ಕ ಇಟ್ಟೆ. ಮೊದಲನೆಯದರಲ್ಲಿ ಎತ್ತರ 168, ವಯಸ್ಸು 43. ಎರಡನೆಯದರಲ್ಲಿ ಎತ್ತರ 174, ವಯಸ್ಸು 34. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಅಥ್ಲೀಟ್' ಅಂತ ಬೇರೆ, ಅಂದರೆ ನನ್ನನ್ನು ಕ್ರೀಡಾಪಟು ಅಂತ ಒತ್ತಿದ್ದಾರೆ.

ಇಂಥ ಮೆಷಿನ್ ಕೊಬ್ಬನ್ನು ನೇರವಾಗಿ ಅಳೆಯುವುದೇ ಇಲ್ಲ. ಮೈಯೊಳಗೆ ಸಣ್ಣ ಕರೆಂಟ್ ಬಿಟ್ಟು, ಅದಕ್ಕೆ ಎಷ್ಟು ತಡೆ ಆಗುತ್ತದೆ ಅಂತ ನೋಡುತ್ತದೆ. ಮಾಂಸದಲ್ಲಿ ನೀರು ಜಾಸ್ತಿ, ಕರೆಂಟ್ ಸಲೀಸಾಗಿ ಹೋಗುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ತಡೆ ಜಾಸ್ತಿ. ಉಳಿದದ್ದು ಎತ್ತರ, ತೂಕ, ವಯಸ್ಸು ಸೇರಿಸಿ ಮಾಡುವ ಅಂದಾಜು. ಎತ್ತರ ಆರು ಸೆಂಟಿಮೀಟರ್ ಜಾಸ್ತಿ ಒತ್ತಿದರೆ ಕೊಬ್ಬು ತಾನಾಗಿ ಇಳಿಯುತ್ತದೆ! ಮೈಯಲ್ಲಿ ನೀರು ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊಬ್ಬು ಜಾಸ್ತಿ ತೋರಿಸುತ್ತದೆ, ವ್ಯಾಯಾಮ ಮುಗಿದ ಕೂಡಲೇ ನೋಡಿದರೆ ಕಡಿಮೆ ತೋರಿಸಬಹುದು. ನನಗೆ ಮಾಡಿದ್ದು ಸರಿಯಾಗಿ ಅದನ್ನೇ. ಬೇಕಂತಲೇ ಮಾಡಿದರೋ ಗೊತ್ತಿಲ್ಲದೆಯೋ, ದೇವರಿಗೇ ಗೊತ್ತು.

ಕೇಳಿದ್ದಕ್ಕೆ "ಟೈಪಿಂಗ್ ಮಿಸ್ಟೇಕ್ ಸರ್" ಅಂದರು. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಎತ್ತರ ವಯಸ್ಸು ನಾನೇ ಒತ್ತಿ ನೋಡಿದೆ. ಶೇ 29.8. ದುಡ್ಡು ವಾಪಸ್ ಕೊಡಲಿಲ್ಲ.

ಇನ್ನೊಂದು ವಿಷಯಕ್ಕೆ ಈಗಲೂ ಸಿಟ್ಟು ಬರುತ್ತದೆ. ಭಾವನಿಗೆ ಎದೆಯಲ್ಲಿ ಪೇಸ್‌ಮೇಕರ್ ಇದೆ. ಅಂಥವರು ಈ ಮೆಷಿನ್ ಹತ್ತಬಾರದು. ಆದರೂ ಮೊದಲ ದಿನ "ನೀವೂ ಬನ್ನಿ ಅಣ್ಣ, ಫ್ರೀ" ಅಂತ ಕರೆದರು. ಒಂದು ಮಾತು ಕೇಳಲಿಲ್ಲ. ಭಾವನಿಗೆ ಡಾಕ್ಟರ್ ಹೇಳಿದ್ದು ನೆನಪಿತ್ತು, ಬಚಾವ್.

ಈಗ ಮನೆಯಲ್ಲೇ ಒಂದು ತೂಕದ ಮೆಷಿನ್ ಇಟ್ಟಿದ್ದೇನೆ. ಅದೂ ಕೊಬ್ಬು ತೋರಿಸುತ್ತದೆ, ಆದರೆ ಕಾಲಿಗೆ ಮಾತ್ರ ತಾಗುವ ಮೆಷಿನ್ನಿನಲ್ಲಿ ಕರೆಂಟ್ ಒಂದು ಕಾಲಿನಿಂದ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ಹೊಟ್ಟೆಯದ್ದು ಬಹುಪಾಲು ಊಹೆ. ಹಾಗಾಗಿ ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿ ಬಂದು, ನೀರು ಕುಡಿಯುವ ಮೊದಲು, ಅದೇ ನೆಲದ ಮೇಲೆ ಇಟ್ಟು ಹತ್ತುತ್ತೇನೆ. ಒಂದು ದಿನದ ಅಂಕಿ ನೋಡುವುದಿಲ್ಲ, ವಾರದ ಸರಾಸರಿ ಬರೆದಿಡುತ್ತೇನೆ. ಅದಕ್ಕಿಂತ ಜಾಸ್ತಿ ನಂಬುವುದು ಹೆಂಡತಿಯ ಹೊಲಿಗೆ ಡಬ್ಬಿಯ ಟೇಪನ್ನು. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆಯದೆ ಅಳೆಯಬೇಕು. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು ಅನ್ನುತ್ತಾರೆ. ನನ್ನದು 96 ಇತ್ತು. ಚಪ್ಪಾಳೆ ತಟ್ಟಿಸಿಕೊಂಡ ದಿನ 95.

ಕೊಬ್ಬಿನ ಲೆಕ್ಕಕ್ಕೆ ಡೆಕ್ಸಾ ಸ್ಕ್ಯಾನ್, ಅಂದರೆ ಸಣ್ಣ ಎಕ್ಸ್‌ರೇ ಬಿಟ್ಟು ಮೈ ನೋಡುವುದು, ಈ ಮೆಷಿನ್ನುಗಳಿಗಿಂತ ನಂಬಬಹುದಾದ ದಾರಿ. ಆದರೆ ಆಸ್ಪತ್ರೆಯಲ್ಲಿ ಅದನ್ನು ಹೆಚ್ಚಾಗಿ ಮೂಳೆಯ ಸಾಂದ್ರತೆ ನೋಡಲು ಇಟ್ಟಿರುತ್ತಾರೆ. ಇಡೀ ಮೈಯ ಕೊಬ್ಬಿನ ಲೆಕ್ಕ ಕೊಡುತ್ತೀರಾ ಅಂತ ಫೋನಿನಲ್ಲೇ ಕೇಳಿ ಹೋಗಿ. ಮತ್ತೆ ಮಾಡಿಸುವುದಾದರೆ ಅದೇ ಮೆಷಿನ್ನಿನಲ್ಲಿ ಮಾಡಿಸಿ.

ಜಿಮ್ಮಿನಲ್ಲಿ ಹತ್ತಲೇಬೇಕಾದರೆ ಎತ್ತರ, ವಯಸ್ಸು ಒತ್ತುವಾಗ ಪಕ್ಕದಲ್ಲೇ ನಿಂತು ನೋಡಿ. ಚೀಟಿ ಕೈಗೆ ಬಂದ ಕೂಡಲೇ ಫೋಟೋ ತೆಗೆದಿಡಿ. ಅಂಗಡಿಯ ಬಿಲ್ಲಿನಂಥ ಆ ಕಾಗದದ ಅಕ್ಷರ ಬೇಗ ಮಾಸುತ್ತದೆ. ನನ್ನ ಮೊದಲ ಚೀಟಿಯಲ್ಲಿ ಈಗ ನೆಟ್ಟಗೆ ಕಾಣುವುದು ಆ ಕೆಂಪು ಸುತ್ತು ಮಾತ್ರ.