ದೋಣಿಯಿಂದ ನೆರವು ಕೇಳಲು ಯಾವುದು ಮೇಲು: ಮೊಬೈಲ್, ವೈರ್‌ಲೆಸ್, ಡ್ಯಾಟ್

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿಯ ಸಮುದ್ರದಲ್ಲಿ ಪತ್ತೆಯಾಗುವಾಗ 2019ರ ಮೇ ತಿಂಗಳು ಬಂದಿತ್ತು. ಆ ತಿಂಗಳುಗಳಲ್ಲಿ ಬಂದರಿನಲ್ಲಿ ಕಾದು ಕುಳಿತವರನ್ನು ಕಂಡ ಬಳಿಕ, ನಮ್ಮ ನಾಡದೋಣಿಯಲ್ಲಿ ನೆರವು ಕೇಳಲು ಮೊಬೈಲ್ ಒಂದನ್ನೇ ನೆಚ್ಚಿಕೊಳ್ಳುವುದು ನನ್ನಿಂದಾಗಲಿಲ್ಲ. ಮೂರು ಋತುಗಳ ಕಾಲ ತಮ್ಮನೂ ನಾನೂ ಬೇರೆ ಬೇರೆ ಸಾಧನಗಳನ್ನು ಬಳಸಿ, ಕಂಡದ್ದನ್ನು ಬರೆದಿಟ್ಟೆವು.

ದಡದ ಸಮೀಪದಲ್ಲಿ ಮೊಬೈಲ್ ನಿಜಕ್ಕೂ ಉಪಯುಕ್ತ. ಕರಾವಳಿ ರಕ್ಷಣಾ ಪಡೆಯ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳು ನಮ್ಮಿಬ್ಬರ ಫೋನಿನಲ್ಲೂ ಇವೆ. ಆದರೆ ನಮ್ಮ ಫೋನುಗಳಿಗೆ ಏಳೆಂಟು ನಾಟಿಕಲ್ ಮೈಲಿ ದಾಟಿದ ಮೇಲೆ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು, ಉಪ್ಪುನೀರು ಮೆತ್ತಿದ ಬೆರಳಿಗೆ ಫೋನಿನ ಪರದೆ ಸ್ಪಂದಿಸುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಫೋನಿನ ಕರೆ ಒಬ್ಬರಿಗಷ್ಟೇ ಕೇಳುತ್ತದೆ. ಅರ್ಧ ಮೈಲಿ ದೂರದಲ್ಲಿ ಬಲೆ ಎಳೆಯುತ್ತಿರುವ ಬೋಟಿನವರಿಗೆ ನಮ್ಮ ಕಷ್ಟ ತಿಳಿಯುವುದೇ ಇಲ್ಲ.

ವಿಎಚ್‌ಎಫ್ ವೈರ್‌ಲೆಸ್ (ದೋಣಿಗಳ ನಡುವೆ ಮಾತನಾಡುವ ರೇಡಿಯೋ) ಮೇಲಾಗುವುದು ಇಲ್ಲಿಯೇ. 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಜಗತ್ತಿನ ಎಲ್ಲ ಕಡಲುಗಳಲ್ಲೂ ಆಪತ್ತಿನ ಕರೆಗೆ ಮೀಸಲಾಗಿದ್ದು, ಅದರಲ್ಲಿ ಆಡಿದ ಮಾತು ಸುತ್ತಮುತ್ತ ಅದೇ ಚಾನೆಲ್ ತೆರೆದಿಟ್ಟವರಿಗೆಲ್ಲ ಕೇಳುತ್ತದೆ. ನಾವು ಕೊಂಡದ್ದು 5 ವ್ಯಾಟ್‌ನ ಕೈಸೆಟ್. ಗೆಳೆಯನ ದೋಣಿಯೊಂದಿಗೆ ಪರೀಕ್ಷಿಸಿದಾಗ, ನಿಂತು ಮಾತನಾಡಿದರೆ ನಾಲ್ಕು ನಾಟಿಕಲ್ ಮೈಲಿಯವರೆಗೆ ಧ್ವನಿ ಸ್ಪಷ್ಟವಿತ್ತು, ಕುಳಿತು ಮಾತನಾಡಿದರೆ ಮೂರಕ್ಕೇ ಒಡೆಯುತ್ತಿತ್ತು. ಈ ರೇಡಿಯೋ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ವ್ಯಾಟ್‌ನಷ್ಟೇ ಆಂಟೆನಾದ ಎತ್ತರವೂ ಮುಖ್ಯ. ಎತ್ತರದ ಆಂಟೆನಾ ಇರುವ ಟ್ರಾಲ್ ಬೋಟುಗಳಿಗೆ ನಮ್ಮ ಮಾತು ಇನ್ನೂ ದೂರದಿಂದ ಕೇಳಿತು. ಮಾತಿನ ಕ್ರಮವನ್ನು ದಡದಲ್ಲೇ ಬಾಯಿಪಾಠ ಮಾಡಿಕೊಂಡೆವು: ‘ಮೇಡೇ’ ಮೂರು ಸಲ, ದೋಣಿಯ ಹೆಸರು ಮೂರು ಸಲ, ಜಿಪಿಎಸ್ ತೋರಿಸುವ ಅಕ್ಷಾಂಶ ರೇಖಾಂಶ, ಆಪತ್ತು ಎಂಥದು, ಜನರೆಷ್ಟು. ಬ್ಯಾಟರಿ ನಡುವೆಯೇ ಸತ್ತರೂ ಹುಡುಕುವವರಿಗೆ ಜಾಗ ಗೊತ್ತಿರಲಿ ಎಂದು ಆಪತ್ತಿನ ವಿವರಕ್ಕಿಂತ ಮೊದಲು ಸ್ಥಳವನ್ನು ಹೇಳಬೇಕು. ಕೂಡಲೇ ಪ್ರಾಣಾಪಾಯವಿಲ್ಲದಿದ್ದರೆ ‘ಮೇಡೇ’ ಅಲ್ಲ, ‘ಪಾನ್ ಪಾನ್’ ಎನ್ನಬೇಕು.

ಡ್ಯಾಟ್ (ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್, ಅಂದರೆ ಆಪತ್ತಿನ ಸಂದೇಶ ಕಳಿಸುವ ಸಾಧನ) ಅನ್ನು ನೋಡಿದ್ದು ಚಿಕ್ಕಪ್ಪನ ಟ್ರಾಲ್ ಬೋಟಿನಲ್ಲಿ. ಇಸ್ರೋ ರೂಪಿಸಿದ ಈ ಸಾಧನದ ಸಂದೇಶ ಉಪಗ್ರಹದ ಮೂಲಕ ನಿಯಂತ್ರಣ ಕೇಂದ್ರಕ್ಕೆ ತಲುಪಿ, ಬೋಟಿನ ಗುರುತು ಮತ್ತು ಸ್ಥಾನ ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ಹೋಗುತ್ತದೆ. ಸುಳ್ಳು ಕರೆಗೂ ಹಡಗು ಹೊರಡಬೇಕಾಗುವುದರಿಂದ ಪರೀಕ್ಷೆಗೆಂದು ಗುಂಡಿ ಒತ್ತಲಾಗದು. ಆದ್ದರಿಂದ ನನ್ನ ಅಭಿಪ್ರಾಯ ಅದರ ಕೆಲಸದ ಬಗೆಯನ್ನು ತಿಳಿದಷ್ಟರ ಮೇಲೆ ನಿಂತಿದೆ. ಆಳಸಮುದ್ರದಲ್ಲಿ ಅದಕ್ಕೆ ಸಾಟಿಯಿಲ್ಲ. ಹಳೆಯ ಮಾದರಿಯಲ್ಲಿ ಸಂದೇಶ ತಲುಪಿತೇ ಎಂದು ದೋಣಿಯವರಿಗೆ ತಿಳಿಯುತ್ತಿರಲಿಲ್ಲ. 2024ರಲ್ಲಿ ಬಂದ ಎರಡನೆಯ ಪೀಳಿಗೆಯದು ದಡದಿಂದ ಮರುತ್ತರವನ್ನೂ ತರುತ್ತದೆ, ಮುಳುಗುತ್ತಿರುವವನಿಗೆ ಆ ಮರುತ್ತರವೇ ಅರ್ಧ ಜೀವ.

ಕಳೆದ ಸೆಪ್ಟೆಂಬರ್‌ನಲ್ಲಿ ದೋಣಿಯ ಫ್ಯಾನಿಗೆ (ಪ್ರೊಪೆಲ್ಲರ್‌ಗೆ) ಬಲೆಯ ಹಗ್ಗ ಸುತ್ತಿಕೊಂಡು ಎಂಜಿನ್ ನಿಂತಿತು, ಪಡುಗಾಳಿ ನಮ್ಮನ್ನು ಸೇಂಟ್ ಮೇರಿ ದ್ವೀಪದ ಬಂಡೆಗಳತ್ತ ತಳ್ಳುತ್ತಿತ್ತು. ನನ್ನ ತಮ್ಮ ಫೋನಿನಲ್ಲಿ ಒಂದು ಸಹಾಯವಾಣಿಗೆ ಕರೆ ಮಾಡಿದರೆ, ಆ ಕಡೆಯವರು ಊರು, ತಾಲೂಕು ಕೇಳತೊಡಗಿದರು. ನಾನು ವೈರ್‌ಲೆಸ್‌ನಲ್ಲಿ ಸ್ಥಾನ ಹೇಳಿ ಗುಂಡಿ ಬಿಟ್ಟ ಕೂಡಲೇ ಗಂಗೊಳ್ಳಿಯ ಬೋಟೊಂದರ ತಂಡೇಲರು (ಬೋಟು ನಡೆಸುವ ಮುಖ್ಯಸ್ಥರು), ‘ಹೆದರಬೇಡಿ, ಲಂಗರು ಇಳಿಸಿ, ಬರುತ್ತಿದ್ದೇವೆ’ ಎಂದರು. ಇಪ್ಪತ್ತೈದು ನಿಮಿಷಗಳಲ್ಲಿ ಅವರ ಹಗ್ಗ ನಮ್ಮ ದೋಣಿಗೆ ಬಿತ್ತು.

ಈಗ ಕೈಸೆಟ್ ನನ್ನ ಲೈಫ್ ಜಾಕೆಟ್‌ಗೆ ದಾರದಿಂದ ಕಟ್ಟಿರುತ್ತದೆ, ಮೊಬೈಲ್ ತಮ್ಮನ ಬಳಿ ನೀರು ಹೊಗದ ಚೀಲದಲ್ಲಿರುತ್ತದೆ. ಡ್ಯಾಟ್‌ಗೆ ಹಣ ಕೂಡಿಸುತ್ತಿದ್ದೇವೆ.