‘ಆನಿಮಾ ಲತೀನಾ’: ಒಂದೇ ಆಲ್ಬಂ, ಮೂರು ರೆಕಾರ್ಡು

ಇಟಲಿಯ ಹಾಡುಗಾರ ಲೂಚೊ ಬಾತ್ತಿಸ್ತಿಯ ‘ಆನಿಮಾ ಲತೀನಾ’ ಈಗ ನನ್ನ ಹತ್ತಿರ ಮೂರು ಇವೆ. 1974ರ ಮೊದಲ ಮುದ್ರಣ ಒಂದು, ಎಂಬತ್ತರ ದಶಕದ ಅಗ್ಗದ ಮರುಮುದ್ರಣ ಒಂದು, ಈಚೆಗೆ ಬಂದ 180 ಗ್ರಾಂ ತೂಕದ ದಪ್ಪ ರೆಕಾರ್ಡು ಇನ್ನೊಂದು. ಎರಡು ವಾರ ಮೂರನ್ನೂ ಅದೇ ಪ್ಲೇಯರ್, ಅದೇ ಮುಳ್ಳಿನಲ್ಲಿ ಒಂದಾದ ಮೇಲೊಂದು ಹಾಕಿ ಕೇಳಿದೆ.

ಈ ಆಲ್ಬಮ್ಮೇ ಯಾಕೆ ಅಂದರೆ, ಮುದ್ರಣದ ಗುಣ ಇದರಲ್ಲಿ ಬಚ್ಚಿಟ್ಟುಕೊಳ್ಳೋಕೆ ಆಗಲ್ಲ. ದಕ್ಷಿಣ ಅಮೆರಿಕ ಸುತ್ತಿ ಬಂದ ಬಾತ್ತಿಸ್ತಿ ಅಲ್ಲಿಯ ತಾಳಗಳನ್ನೆಲ್ಲ ಇದರೊಳಗೆ ತಂದ. ಜೊತೆಗೆ ತನ್ನ ದನಿಯನ್ನು ಬೇಕಂತಲೇ ವಾದ್ಯಗಳ ಮಧ್ಯೆ ತಗ್ಗಿಸಿಟ್ಟ, ಕೇಳುವವರು ಕಿವಿಗೊಟ್ಟು ಕೇಳಲಿ ಅಂತ. ಮುದ್ರಣ ಸರಿಯಿಲ್ಲದಿದ್ದರೆ ಗೀತಕಾರ ಮೊಗೋಲ್ ಬರೆದ ಸಾಲುಗಳು ವಾದ್ಯಗಳ ಅಡಿಯಲ್ಲಿ ಮುಳುಗಿಹೋಗುತ್ತವೆ.

ನನಗೆ ಮೊದಲು ಸಿಕ್ಕಿದ್ದು ಎಂಬತ್ತರ ದಶಕದ್ದು, ಅದೂ ಮೋಸ ಹೋಗಿ. ಆನ್‌ಲೈನ್‌ನಲ್ಲಿ ಒಬ್ಬರು ‘ಮೊದಲ ಮುದ್ರಣ’ ಅಂತ ಹಾಕಿ ಬರೀ ಕವರಿನ ಫೋಟೊ ಕೊಟ್ಟಿದ್ದರು, ನಾನೂ ಮರುಮಾತಿಲ್ಲದೆ ದುಡ್ಡು ಕಳಿಸಿದೆ. ಪೊಟ್ಟಣ ಬಿಚ್ಚಿದಾಗ ಹೊಟ್ಟೆ ಉರಿಯಿತು. ತೆಳ್ಳಗಿನ ರೆಕಾರ್ಡು, ಗೀರು ಕಡಿಮೆ ನಿಜ, ಆದರೆ ಡ್ರಮ್ಮು, ಊದುವ ವಾದ್ಯ, ದನಿ ಎಲ್ಲ ಒಂದೇ ಮುದ್ದೆ. ಮೊದಲ ಮಗ್ಗುಲಿನ ಕೊನೆಯ ಹಾಡಿಗೆ ಬರುವ ಹೊತ್ತಿಗೆ, ಅಂದರೆ ಮುಳ್ಳು ಲೇಬಲ್ ಹತ್ತಿರ ಬಂದಾಗ, ‘ಸ’ಕಾರವೆಲ್ಲ ಮರಳು ಉಜ್ಜಿದ ಹಾಗೆ ಕೇಳುತ್ತದೆ.

ಹೊಸದು ಬೇರೆ ಥರ. ಚರಚರ ಸದ್ದೇ ಇಲ್ಲ, ತಗ್ಗಿನ ಸ್ವರಗಳು ತುಂಬಿಕೊಂಡಿವೆ. ಮೊದಲ ಸಲ ಕೇಳಿದಾಗ ಇಷ್ಟು ಸಾಕಲ್ವಾ, ಹಳೇದಕ್ಕೆ ಯಾಕೆ ಅಲೆಯಬೇಕು ಅನ್ನಿಸಿತು. ಆದರೆ ಮೂರನೇ ದಿನಕ್ಕೆ ಒಂದು ಕೊರತೆ ಗೊತ್ತಾಯಿತು. ನನ್ನ ಕಿವಿಗೆ ದನಿ ಸ್ವಲ್ಪ ಮುಂದೆ ಬಂದು ನಿಂತಿದೆ, ತಾಳದ ತಟ್ಟೆಗಳ ಸದ್ದು ಚೂಪಾಗಿದೆ. ದನಿಯನ್ನು ಹುಡುಕಿ ಹಿಡಿಯುವ ಕೆಲಸವೇ ಉಳಿಯುವುದಿಲ್ಲ.

1974ರದ್ದು ಸಿಕ್ಕಿದ್ದು ರೋಮ್‌ನ ಪೊರ್ತಾ ಪೊರ್ತೇಸೆಯ ಭಾನುವಾರದ ಸಂತೆಯಲ್ಲಿ, 45 ಯೂರೊಗೆ. ಕವರಿನ ಬೆನ್ನು ಸೀಳಿದೆ, ಮೂಲೆಯಲ್ಲಿ ಯಾರೋ ಪೆನ್ನಿನಲ್ಲಿ ಹೆಸರು ಬರೆದಿದ್ದಾರೆ. ಮೊದಲ ಹಾಡು ಮೆಲ್ಲಗೆ, ತುಂಬ ನಿಧಾನವಾಗಿ ಏಳುತ್ತದೆ, ಆ ಜಾಗದಲ್ಲಿ ಚರಚರ ಜಾಸ್ತಿ, ಅದು ಕಿರಿಕಿರಿಯೇ. ಆಮೇಲೆ ‘ದುವೆ ಮೊಂದಿ’ ಬರುತ್ತದೆ. ಒಂದೊಂದು ಪೆಟ್ಟೂ ತನ್ನ ತನ್ನ ಜಾಗದಲ್ಲಿ ಬೀಳುತ್ತದೆ, ಗಾಯಕಿ ಮಾರಾ ಕುಬೆದ್ದು ಬಾತ್ತಿಸ್ತಿಗೆ ಎದುರು ಹಾಡುವಾಗ ಇಬ್ಬರ ನಡುವಿನ ದೂರ ಕೂಡ ಕೇಳಿಸುತ್ತದೆ. ದನಿ ತಗ್ಗಿನಲ್ಲೇ ಇದೆ, ಆದರೂ ಮಾತು ಬಿಡಿಬಿಡಿಯಾಗಿ ಸಿಗುತ್ತದೆ. ಅವತ್ತು ನಾನು ಆ ಹಾಡನ್ನು ನಾಲ್ಕು ಸಲ ಹಾಕಿದೆ.

ಕೊಳ್ಳುವಾಗ ಒಂದು ವಿಷಯ ನೋಡಿ. ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಒಂದು ಖಾಲಿ ಪಟ್ಟಿ ಉಳಿಯುತ್ತದಲ್ಲ, ಇಟಲಿಯ ರೆಕಾರ್ಡುಗಳಲ್ಲಿ ಎಷ್ಟೋ ಸಲ ಅಲ್ಲೇ ತಾರೀಖು ಇರುತ್ತದೆ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಆದರೆ ಅದೊಂದನ್ನೇ ನಂಬಬೇಡಿ, ಯಾಕೆಂದರೆ ಅದೇ ಅಚ್ಚಿನಿಂದ ವರ್ಷಗಳ ಮೇಲೆ ಒತ್ತಿದ್ದರೂ ಹಳೇ ತಾರೀಖೇ ಬಂದಿರುತ್ತದೆ. ಲೇಬಲ್ಲಿನ ವಿನ್ಯಾಸ, ಅದರ ಮೇಲಿನ ಎಸ್‌ಐಎಇ (ಇಟಲಿಯ ಹಕ್ಕುಸ್ವಾಮ್ಯ ಸಂಸ್ಥೆ) ಮುದ್ರೆ, ಕವರಿನ ಮುದ್ರಣ ಎಲ್ಲವನ್ನೂ ತಾಳೆ ನೋಡಿ. ಮಾರುವವರು ಎರಡೂ ಲೇಬಲ್ ಮತ್ತು ಆ ಪಟ್ಟಿಯ ಫೋಟೊ ಕೊಡದಿದ್ದರೆ ನಾನಂತೂ ಈಗ ಕೊಳ್ಳುವುದಿಲ್ಲ.

ಗೀರು ತೀರಾ ಜಾಸ್ತಿ ಇಲ್ಲದ 1974ರದ್ದು ಸಿಕ್ಕರೆ ಅದೇ ತಗೊಳ್ಳಿ, ಕವರ್ ಹರಿದಿದ್ದರೂ ಚಿಂತೆಯಿಲ್ಲ. ಸಿಗದಿದ್ದರೆ ಹೊಸದು. ಎಂಬತ್ತರ ದಶಕದ್ದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ನನ್ನದನ್ನು ಈಗಾಗಲೇ ಕಪಾಟಿನಿಂದ ತೆಗೆದಿಟ್ಟಿದ್ದೇನೆ, ಹೊಸದಾಗಿ ಪ್ಲೇಯರ್ ಕೊಂಡ ಗೆಳೆಯನೊಬ್ಬ ಬಂದು ಒಯ್ಯುತ್ತಾನೆ.