ಸಿಂಗಾಪುರದಲ್ಲಿ ಲೇಓವರ್ ಇದೆಯಾ? ‘ಲೇಓವರ್ ಪ್ಯಾಕೇಜ್’ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಬಿಟ್ಟಿ ಸಿಗೋದಕ್ಕೆ ದುಡ್ಡು ಕೊಟ್ಟು ಬಂದಿದ್ದೀನಿ. ಒಂದಲ್ಲ, ಐದು ಬಿಟ್ಟಿ ಸಂಗತಿಗೆ! ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದ್ರೂ ಬರೀತಿದ್ದೀನಿ, ಯಾಕಂದ್ರೆ ನನಗೆ ಲೇಓವರ್ ಪ್ಯಾಕೇಜ್ ಮಾರಿದ ಟ್ರಾವೆಲ್ ಏಜೆಂಟ್ ಅದನ್ನೇ ಇವತ್ತಿಗೂ ಮಾರ್ತಾ ಇದ್ದಾನೆ.

ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಎಂಟು ಗಂಟೆ ಲೇಓವರ್, ಅಂದ್ರೆ ಎರಡು ವಿಮಾನಗಳ ನಡುವಿನ ಬಿಡುವು. ಮಧ್ಯಾಹ್ನ 2ಕ್ಕೆ ಇಳಿಯೋದು, ರಾತ್ರಿ 10ಕ್ಕೆ ಮುಂದಿನ ವಿಮಾನ. ಅವನು ಕಳಿಸಿದ ಪಟ್ಟಿ ಇದು: ಅರೈವಲ್ ಕಾರ್ಡ್ ಪ್ರೋಸೆಸಿಂಗ್, ಆರು ಗಂಟೆ ಸಿಟಿ ಟೂರ್, ಗಾರ್ಡನ್ಸ್ ಬೈ ದ ಬೇ ಎಂಟ್ರಿ ಮತ್ತು ಲೈಟ್ ಶೋ, ಕೊನೆಗೆ ವಿಮಾನ ನಿಲ್ದಾಣದ ಜ್ಯುವೆಲ್ ಅನ್ನೋ ಮಾಲ್‌ನೊಳಗಿನ ಜಲಪಾತ.

ಒಂದೊಂದಾಗಿ ಹೇಳ್ತೀನಿ.

ಅರೈವಲ್ ಕಾರ್ಡ್, ಅಂದ್ರೆ ದೇಶದೊಳಗೆ ಬರೋರು ತುಂಬೋ ಆನ್‌ಲೈನ್ ಫಾರಂ. ಸಿಂಗಾಪುರದ ಇಮಿಗ್ರೇಷನ್ ಇಲಾಖೆ, ಅಂದ್ರೆ ಐಸಿಎ, ತನ್ನ ವೆಬ್‌ಸೈಟ್ ಮತ್ತು ಆ್ಯಪ್‌ನಲ್ಲಿ ಇದನ್ನ ಪುಕ್ಕಟೆ ತುಂಬಿಸಿಕೊಳ್ಳುತ್ತೆ. ಇಳಿಯೋ ಮುಂಚೆ, ಇಳಿಯೋ ದಿನವೂ ಸೇರಿದ ಮೂರು ದಿನದೊಳಗೆ ಕಳಿಸಿದ್ರೆ ಸಾಕು. ಪಾಸ್‌ಪೋರ್ಟ್ ನಂಬರ್, ವಿಮಾನದ ನಂಬರ್, ಆರೋಗ್ಯದ ಬಗ್ಗೆ ಒಂದೆರಡು ಪ್ರಶ್ನೆ, ಅಷ್ಟೇ. ಇಮಿಗ್ರೇಷನ್ ದಾಟದೆ ಟ್ರಾನ್ಸಿಟ್ ಏರಿಯಾದಲ್ಲೇ ಉಳಿಯೋರಿಗೆ ಅದೂ ಬೇಡ. ನಮ್ಮ ಏಜೆಂಟ್ ಹೇಳಿದ್ದು ಏನು ಗೊತ್ತಾ? “ಅದೂ ವೀಸಾ ಥರಾನೇ ಸರ್, ತಪ್ಪಾದ್ರೆ ವಾಪಸ್ ಕಳಿಸ್ತಾರೆ, ನಮಗೆ ಬಿಡಿ.” ಅದು ವೀಸಾ ಅಲ್ಲ. ವೀಸಾಗೂ ಅದಕ್ಕೂ ಸಂಬಂಧಾನೇ ಇಲ್ಲ.

ವೀಸಾ ವಿಷಯ ಬೇರೆ, ಅಲ್ಲಿ ಹುಷಾರಾಗಿರಿ. ಭಾರತದ ಪಾಸ್‌ಪೋರ್ಟ್ ಇದ್ರೆ ಹೊರಗೆ ಕಾಲಿಡೋಕೆ ವೀಸಾ ಬೇಕು. ಮೂರನೇ ದೇಶಕ್ಕೆ ಹೋಗ್ತಾ ಬರ್ತಾ ಇದ್ದು, ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಂಥ ಕೆಲವು ದೇಶಗಳ ಚಾಲ್ತಿ ವೀಸಾ ಕೈಯಲ್ಲಿದ್ರೆ 96 ಗಂಟೆಯ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯ ಇದೆ. ಮುಂದಿನ ಪ್ರಯಾಣದ ಖಚಿತ ಟಿಕೆಟ್ ತೋರಿಸಬೇಕು, ಕೊನೆ ಮಾತು ಕೌಂಟರ್‌ನಲ್ಲಿರೋ ಅಧಿಕಾರಿಯದ್ದು. “ಗ್ಯಾರಂಟಿ ಮಾಡಿಸಿಕೊಡ್ತೀವಿ” ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ಮಾತು ನಿಲ್ಲಿಸಿ.

ಇನ್ನು ಟೂರ್. ಹೊಟ್ಟೆ ಉರಿಯೋದು ಇಲ್ಲಿ.

ಡ್ರೈವರ್ ಯಾವ ಬಾಗಿಲ ಹತ್ರ ನಿಲ್ತಾನೆ ಅನ್ನೋ ಮೆಸೇಜಿಗೆ ಕಾಯ್ತಾ ಟ್ರಾನ್ಸಿಟ್ ಹಾಲಲ್ಲಿ ನಿಂತಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ಒಂದು ಕೌಂಟರ್, ಮೇಲೆ ದೊಡ್ಡಕ್ಷರದ ಬೋರ್ಡು: ಫ್ರೀ ಸಿಂಗಾಪುರ ಟೂರ್. ಫ್ರೀ! ಜನ ಬೋರ್ಡಿಂಗ್ ಪಾಸ್ ಕೈಯಲ್ಲಿ ಹಿಡಿದು ಆರಾಮಾಗಿ ಸಾಲು ನಿಂತಿದ್ರು. ಐದೂವರೆ ಗಂಟೆಯಿಂದ 24 ಗಂಟೆಯೊಳಗಿನ ಲೇಓವರ್ ಇರೋರಿಗೆ ವಿಮಾನ ನಿಲ್ದಾಣವೇ ನಡೆಸೋ ಟೂರ್ ಅದು. ಸುಮಾರು ಎರಡೂವರೆ ಗಂಟೆ, ಬಸ್ಸು, ಗೈಡ್ ಎಲ್ಲಾ ಸೇರಿ. ಮೊದಲೇ ಆನ್‌ಲೈನ್‌ನಲ್ಲಿ ಸೀಟು ಹಿಡೀಬಹುದು. (ವೀಸಾ ಬೇಕಾದ ಪಾಸ್‌ಪೋರ್ಟಿನವರಿಗೆ ಇದಕ್ಕೂ ವೀಸಾ ಬೇಕು. ಊರೊಳಗೆ ಹೋಗೋದಲ್ವಾ.)

ಬೋರ್ಡಿನ ಫೋಟೋ ತೆಗೆದು ಏಜೆಂಟ್‌ಗೆ ಕಳಿಸಿದೆ. ತಕ್ಷಣ ಉತ್ತರ: “ಸರ್, ಅದು ಗ್ರೂಪ್ ಟೂರ್. ನಮ್ಮದು ಪ್ರೀಮಿಯಂ.”

ಪ್ರೀಮಿಯಂ ವ್ಯಾನಿನಲ್ಲಿ ಹನ್ನೊಂದು ಜನ ಕೂತಿದ್ವಿ.

ಆರು ಗಂಟೆ ಟೂರ್ ಅನ್ನೋದೇ ಸುಳ್ಳು, ಲೆಕ್ಕ ಹಾಕಿ ನೋಡಿ. ಇಳಿದು, ನಡೆದು, ಇಮಿಗ್ರೇಷನ್ ದಾಟಿ ಹೊರಬರೋಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಊರಿಗೆ ಹೋಗೋಕೆ ಅರ್ಧ ಗಂಟೆ, ಬರೋಕೆ ಅರ್ಧ ಗಂಟೆ, ಮಳೆ ಬಂದ್ರೆ ಇನ್ನೂ ಜಾಸ್ತಿ. ವಿಮಾನ ಹೊರಡೋ ಎರಡು ಗಂಟೆ ಮುಂಚೆ ವಾಪಸ್ ಇರಬೇಕು. ಚಾಂಗಿಯ 1, 2, 3ನೇ ಟರ್ಮಿನಲ್‌ಗಳಲ್ಲಿ ಸೆಕ್ಯುರಿಟಿ ಚೆಕ್ ಗೇಟ್‌ನಲ್ಲೇ ನಡೆಯುತ್ತೆ, ಇಮಿಗ್ರೇಷನ್ ಆಯ್ತು ಅಂತ ಅಂಗಡಿ ಸುತ್ತುತ್ತಾ ಕೂತ್ರೆ ಗೇಟ್ ಮುಂದೆ ಸಾಲು ಕಾಯ್ತಾ ಇರುತ್ತೆ. (ಒಳಗೆ ಕೊಂಡ ನೀರಿನ ಬಾಟಲಿಯೂ ಅಲ್ಲಿ ಹೋಗುತ್ತೆ.) ಎಂಟರಲ್ಲಿ ಇದೆಲ್ಲ ಕಳೀರಿ. ಉಳಿಯೋದು ನಾಲ್ಕು ಗಂಟೆ. ನಾಲ್ಕು! ಇದು ದಿನಾ ಟೂರ್ ಮಾರೋನಿಗೆ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ಟಿಕೆಟ್ ಮೇಲಿರೋ ಎಂಟು ಗಂಟೆಯನ್ನೇ ಅವನು ಮಾರಿದ್ದು.

ಗಾರ್ಡನ್ಸ್ ಬೈ ದ ಬೇ ‘ಎಂಟ್ರಿ’. ಅಲ್ಲಿನ ಹೊರಾಂಗಣ ತೋಟಕ್ಕೆ, ಸೂಪರ್‌ಟ್ರೀ ಅನ್ನೋ ಮರದಾಕಾರದ ಎತ್ತರದ ಗೋಪುರಗಳ ಬುಡಕ್ಕೆ ಟಿಕೆಟ್ಟೇ ಇಲ್ಲ, ಯಾರು ಬೇಕಾದ್ರೂ ನಡ್ಕೊಂಡು ಹೋಗ್ಬಹುದು. ಟಿಕೆಟ್ ಇರೋದು ಗಾಜಿನ ಗುಮ್ಮಟಗಳಿಗೆ ಮತ್ತು ಮೇಲಿನ ತೂಗುದಾರಿಗೆ. ವ್ಯಾನ್ ನಿಲ್ಲಿಸಿ ಗುಮ್ಮಟದ ಹೊರಗೋಡೆ ತೋರಿಸಿದ್ರು, ಅಷ್ಟೇ. ಕೇಳಿದ್ರೆ: “ಗಾರ್ಡನ್ಸ್ ಅಂತ ಬರೆದಿದ್ದೀವಿ ಸರ್, ಡೋಮ್ ಅಂತ ಎಲ್ಲಿ ಬರೆದಿದ್ದೀವಿ?”

ಲೈಟ್ ಶೋ ಸಂಜೆ 7:45ಕ್ಕೆ, ಮತ್ತೆ 8:45ಕ್ಕೆ. ಅದೂ ಪುಕ್ಕಟೆ. ವ್ಯಾನ್ ಹೊರಟಿದ್ದು 7ಕ್ಕೆ. ರಾತ್ರಿ 10ರ ವಿಮಾನದವರಿಗೆ ಆ ಶೋ ಆಗಲ್ಲ ಅಂತ ಬುಕ್ ಮಾಡೋ ದಿನವೇ ಹೇಳಬಹುದಿತ್ತು. “ಶೋ ಸಮಯ ಇದ್ದರೆ ಮಾತ್ರ ಅಂತ ಕೆಳಗೆ ಬರೆದಿದೆ ಸರ್.” ಹೌದು, ಬರೆದಿದೆ. ಸಾಸಿವೆಯಷ್ಟು ಅಕ್ಷರದಲ್ಲಿ.

ಸ್ವಂತ ಹೋಗೋರಿಗೆ: 2 ಮತ್ತು 3ನೇ ಟರ್ಮಿನಲ್ ಕೆಳಗೇ ಎಂಆರ್‌ಟಿ, ಅಂದ್ರೆ ಮೆಟ್ರೋ, ಸ್ಟೇಷನ್ ಇದೆ. ತಾನಾ ಮೆರಾ ಸ್ಟೇಷನ್‌ನಲ್ಲಿ ರೈಲು ಬದಲಿಸಿ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿದ್ರೆ ಸಾಕು, ಹೋಗ್ತಾ ತಾಗಿಸಿದ ಅದೇ ಕಾರ್ಡನ್ನ ಹೊರಬರ್ತಾನೂ ತಾಗಿಸಿ. ಕೈಚೀಲ ಭಾರ ಇದ್ರೆ ಟರ್ಮಿನಲ್‌ನಲ್ಲೇ ಲಗೇಜ್ ಇಡೋ ಜಾಗ ಇದೆ. ದೊಡ್ಡ ಬ್ಯಾಗಿನ ಟ್ಯಾಗ್ ಮೇಲೆ ಕೊನೆ ಊರಿನ ಕೋಡ್ ಇದೆಯಾ ಅಂತ ಚೆಕ್-ಇನ್‌ನಲ್ಲೇ ನೋಡಿ. ಎರಡು ಬೇರೆ ಬೇರೆ ಟಿಕೆಟ್ ಹೊಲಿದು ಕೊಟ್ಟಿದ್ರೆ ಬ್ಯಾಗನ್ನ ನೀವೇ ಎತ್ಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು, ಆಗ ನಾಲ್ಕು ಗಂಟೆಯೂ ಉಳಿಯಲ್ಲ.

ಕೊನೆಗೆ ಜ್ಯುವೆಲ್. ಇದು 2019ರಲ್ಲಿ ತೆರೆದದ್ದು, ಒಳಗೆ 40 ಮೀಟರ್ ಜಲಪಾತ. ಇದು ಟ್ರಾನ್ಸಿಟ್ ಒಳಗಿದೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಆದ್ರೆ ಇರೋದು ಇಮಿಗ್ರೇಷನ್ ಆಚೆ, 1ನೇ ಟರ್ಮಿನಲ್ ಪಕ್ಕ. ಒಳಗೆ ಹೋಗೋಕೆ ಟಿಕೆಟ್ ಇಲ್ಲ, ಆದ್ರೆ ವಾಪಸ್ ಬಂದು ಇಮಿಗ್ರೇಷನ್ ದಾಟೋ ಮುಂಚೆಯೇ ನೋಡ್ಕೋಬೇಕು. ಡ್ರೈವರ್ ಟ್ರಾಫಿಕ್ ಅಂತ ಹೇಳಿ ನೇರ ಡಿಪಾರ್ಚರ್ ಬಾಗಿಲಿಗೆ ಬಿಟ್ಟು, “ಜ್ಯುವೆಲ್ ಒಳಗಡೆನೇ ಸಿಗುತ್ತೆ” ಅಂದ. ನಂಬಿ ಒಳಗೆ ಹೋದೆ. ಸಿಗಲಿಲ್ಲ.

ರಿಫಂಡ್ ಕೇಳಿದ್ದಕ್ಕೆ ಬಂದ ಕೊನೇ ಮೆಸೇಜ್: “ಜಲಪಾತದ ಫೋಟೋ ಸ್ಟೇಟಸ್ ಹಾಕಿದ್ರಲ್ಲ ಸರ್, ನೋಡಿದ್ದೀವಿ.” ಆಮೇಲೆ ಬ್ಲಾಕ್.

ಆ ಫೋಟೋ ಟರ್ಮಿನಲ್‌ಗಳ ನಡುವೆ ಓಡೋ ಸ್ಕೈಟ್ರೇನ್ ಕಿಟಕಿಯಿಂದ ತೆಗೆದದ್ದು. ಜಲಪಾತದ ಪಕ್ಕದಲ್ಲೇ ಹಾದುಹೋಗುತ್ತೆ. ಅದಕ್ಕೂ ಟಿಕೆಟ್ ಇಲ್ಲ.